ಎರಡು ಬೆರಳಿನ ಅಂಚು

ಮೂವತ್ತೇ ದಿನ. ಅಷ್ಟರೊಳಗೆ ಮಗಳು ಗಡಗಡ ಓದುವಂತೆ ಮಾಡದಿದ್ದರೆ ಇನ್ನು ಜನ್ಮದಲ್ಲಿ ಪುಸ್ತಕ ಮುಟ್ಟುವುದಿಲ್ಲ ಎಂದು ನಾನು ಘೋರ ಪ್ರತಿಜ್ಞೆ ಮಾಡಿದ್ದು ನಮ್ಮ ಅಡುಗೆಮನೆಯ ಸಿಂಕಿನ ಮುಂದೆ, ಕೈಯಲ್ಲಿ ಅರ್ಧ ತೊಳೆದ ಬಾಣಲೆ ಹಿಡಿದು. ಕಥೆಯ ವೀರರೆಲ್ಲ ಕತ್ತಿ ಎತ್ತಿ ಹಿಡಿದು ಪ್ರತಿಜ್ಞೆ ಮಾಡುತ್ತಿದ್ದರಂತೆ. ನನಗೆ ಆ ಹೊತ್ತಿಗೆ ಸಿಕ್ಕಿದ್ದು ಬಾಣಲೆ.

“ಪುಸ್ತಕ ಮುಟ್ಟದಿದ್ರೆ ಕೆಲಸಕ್ಕೆ ಹೋಗಿ ಏನು ಮುಟ್ತೀರಿ?” ಎಂದು ಹೆಂಡತಿ ಕೇಳಿದಳು.

ನ್ಯಾಯವಾದ ಪ್ರಶ್ನೆ. ನಾನು ಬೈಂಡರ್. ಹದಿನೇಳು ವರ್ಷದಿಂದ ಪುಸ್ತಕಗಳ ಬೆನ್ನು ಹೊಲಿಯುತ್ತ, ರಟ್ಟು ಅಂಟಿಸುತ್ತ, ಅಂಚು ಕತ್ತರಿಸುತ್ತ ಬಂದವನು. ಊರಿನ ವಕೀಲರು, ವೈದ್ಯರು, ಮೇಷ್ಟರು ಇವರೆಲ್ಲರ ಪುಸ್ತಕಗಳು ನನ್ನ ಮೇಜಿನ ಮೇಲೆ ಒಮ್ಮೆಯಾದರೂ ಮಲಗಿ ಎದ್ದು ಹೋಗಿವೆ. ಅವುಗಳಲ್ಲಿ ಒಂದನ್ನೂ ನಾನು ಓದಿಲ್ಲ ಎನ್ನುವುದು ಬೇರೆ ಮಾತು. ವೈದ್ಯರಿಗೂ ರೋಗಿಯ ಬೆನ್ನಷ್ಟೇ ಸಾಕು, ಅವನ ಜೀವನಚರಿತ್ರೆ ಬೇಡ.

ನನ್ನ ಹೆಂಡತಿಗೆ ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವ ಕೆಲಸ. ದಿನವಿಡೀ ಜನರನ್ನು ಕುರ್ಚಿಯಲ್ಲಿ ಕೂರಿಸಿ, ಒಂದೊಂದೇ ಗಾಜು ಬದಲಿಸುತ್ತ, “ಈಗ ಕಾಣುತ್ತಾ? ಈಗ?” ಎಂದು ಕೇಳುತ್ತಾಳೆ. ಮನೆಗೆ ಬಂದ ಮೇಲೂ ಆ ಅಭ್ಯಾಸ ಬಿಟ್ಟಿಲ್ಲ. ಕಳೆದುಹೋದ ಕಾಲುಚೀಲಕ್ಕಾಗಿ ನಾನು ಕಪಾಟು ಜಾಲಾಡುತ್ತಿರುವಾಗ ಅದನ್ನು ನನ್ನ ಮೂಗಿನ ಮುಂದೆ ಹಿಡಿದು, “ಈಗ ಕಾಣುತ್ತಾ?” ಎನ್ನುತ್ತಾಳೆ.

ಇನ್ನು ಮಗಳು. ಐದೂವರೆ ವರ್ಷ. ಮನೆಯಲ್ಲಿ ಎಲ್ಲರೂ ಕರೆಯುವುದು ಚೂಟಿ ಎಂದು. ಶಾಲೆಯಲ್ಲಿ ಅವಳ ಟೀಚರ್ ಪ್ರತಿ ಮಗುವಿಗೂ ಒಂದೊಂದು ಚಿತ್ರಪುಸ್ತಕ ಕೊಟ್ಟು, ಒಂದು ತಿಂಗಳು ಮನೆಯವರ ಜೊತೆ ಓದಲು ಹೇಳಿದ್ದರು. ಚೂಟಿಗೆ ಸಿಕ್ಕಿದ್ದು ಕರಡಿ ಮನೆ ಬದಲಾಯಿಸುವ ಕಥೆ. ತೆಳ್ಳನೆಯ ಪುಸ್ತಕ, ಹನ್ನೆರಡೇ ಹಾಳೆ. ಬೆನ್ನಿನ ಪಿನ್ನು ತುಕ್ಕು ಹಿಡಿದಿತ್ತು, ಮೂಲೆಗಳು ನಾಯಿಯ ಕಿವಿಯಂತೆ ಮಡಚಿದ್ದವು.

ಪ್ರತಿಜ್ಞೆ ಮಾಡಿದ ದಿನವೇ ಅಕ್ಷರದ ಮೇಲೆ ಬೆರಳಿಟ್ಟು ಶುರು ಮಾಡಿದೆ.

“ಕ, ರ, ಡಿ. ಏನಾಯ್ತು?”

“ಇನ್ನೂ ಬಂದಿಲ್ಲ,” ಎಂದಳು ಚೂಟಿ. ಅವಳ ಕಣ್ಣು ನನ್ನ ಬೆರಳ ಮೇಲಿರಲಿಲ್ಲ. ಹಾಳೆಯ ಬಲತುದಿಯಲ್ಲಿ ಎಲ್ಲೋ ಇತ್ತು.

“ಯಾರು ಬಂದಿಲ್ಲ?”

“ನಿನಗೆ ಹೇಳಲ್ಲ.”

“ಅಂಚು ನೋಡಬೇಡ ಮರಿ, ಅಕ್ಷರ ನೋಡು. ಕರಡಿ ಮನೆ ಬಿಟ್ಟಿತು.”

“ಸರಿ. ಹಾಳೆ ತಿರುಗಿಸು.”

ಹನ್ನೆರಡು ಹಾಳೆಯನ್ನು ನಾನು ನಾಲ್ಕು ನಿಮಿಷದಲ್ಲಿ ಮುಗಿಸಿದೆ. ಅಕ್ಷರಗಳೇನು ಮಹಾ? ಕರಡಿ ಮನೆ ಬಿಟ್ಟಿತು. ಕರಡಿ ಬಂಡಿ ಎಳೆಯಿತು. ಕರಡಿ ಏರು ಹತ್ತಿತು. ಕರಡಿ ಹಳ್ಳ ದಾಟಿತು. ಹೀಗೇ ನಡೆದು ನಡೆದು ಕೊನೆಗೆ, ಹೊಸ ಮನೆ ಬಂದಿತು, ಬಂಡಿ ಖಾಲಿಯಾಗಿತ್ತು. ಕಟ್ಟಕಡೆಯ ಹಾಳೆಯಲ್ಲಿ, ಕರಡಿ ಬಾಗಿಲು ತೆರೆಯಿತು, ಮನೆ ತುಂಬಿತು.

“ಬಂಡಿ ಖಾಲಿ ಅಂತಾನೆ, ಮನೆ ತುಂಬಿತು ಅಂತಾನೆ. ಬರೆದವನಿಗೆ ಹಿಂದಿನ ಹಾಳೇಲಿ ಏನು ಬರೆದೆ ಅಂತ ನೆನಪಿಲ್ಲ,” ಎಂದು ಹೆಂಡತಿಯ ಮುಂದೆ ತೀರ್ಪು ಕೊಟ್ಟೆ.

ಅವಳು ನನ್ನನ್ನು ಒಂದು ಕ್ಷಣ ದಿಟ್ಟಿಸಿದಳು. ಅಂಗಡಿಯಲ್ಲಿ ಕೊನೆಯ ಸಾಲು ಓದಲಾಗದವರನ್ನು ನೋಡುವ ನೋಟ. “ಇನ್ನೊಂದು ಸಲ ನೋಡಿ,” ಎಂದಳು.

“ಎಷ್ಟು ಸಲ ನೋಡಿದ್ರೂ ಅಷ್ಟೇ ಅಕ್ಷರ ಇರೋದು.”

“ಅದೂ ಸರಿ,” ಎಂದು ಒಳಗೆ ಹೋದಳು. ಅವಳು ‘ಅದೂ ಸರಿ’ ಎಂದರೆ ಸರಿಯಿಲ್ಲ ಎಂದು ಹತ್ತು ವರ್ಷದ ಸಂಸಾರದಲ್ಲಿ ಕಲಿತಿರಬೇಕಿತ್ತು. ಕಲಿತಿರಲಿಲ್ಲ.

ಆದರೆ ನನ್ನ ಪಾಠಶಾಲೆಗೆ ಎದುರಾಗಿ ಮನೆಯಲ್ಲೇ ಇನ್ನೊಂದು ಪಾಠಶಾಲೆ ನಡೆಯುತ್ತಿತ್ತು. ಅದರ ಮುಖ್ಯೋಪಾಧ್ಯಾಯಿನಿ ನನ್ನ ಅಮ್ಮ. ಅಮ್ಮ ಇಪ್ಪತ್ತೆಂಟು ವರ್ಷ ಬಟ್ಟೆ ಗಿರಣಿಯಲ್ಲಿ ಕೆಲಸ ಮಾಡಿದವರು. ನೇಯ್ದು ಬಂದ ಬಟ್ಟೆಯನ್ನು ಬೆಳಕಿಗೆ ಹಿಡಿದು, ಎಲ್ಲಿ ಎಳೆ ತಪ್ಪಿದೆ, ಎಲ್ಲಿ ಗಂಟು ಬಿದ್ದಿದೆ ಎಂದು ಹುಡುಕುವುದು ಅವರ ಕೆಲಸ. ಸರಿಯಿದ್ದರೆ “ತಪ್ಪಿಲ್ಲ, ಮುಂದಕ್ಕೆ” ಎಂದು ತಳ್ಳಬೇಕು. ಗಿರಣಿ ಬಿಟ್ಟರೂ ಅಮ್ಮ ಆ ಮಾತು ಬಿಟ್ಟಿಲ್ಲ. ಚೂಟಿಯ ಜಡೆ, ಒಗೆದ ಹೊದಿಕೆ, ನನ್ನ ಗಡ್ಡ ಬೋಳಿಸಿದ ಕೆನ್ನೆ, ಎಲ್ಲವನ್ನೂ ಕಿಟಕಿಯ ಬೆಳಕಿಗೆ ತಿರುಗಿಸಿ ನೋಡಿ, “ತಪ್ಪಿಲ್ಲ, ಮುಂದಕ್ಕೆ” ಎನ್ನುತ್ತಾರೆ. ಅಂಥ ಕಣ್ಣು. ಆದರೆ ಅಕ್ಷರ ಮಾತ್ರ ಒಂದೂ ಬಾರದು. ಗಿರಣಿಯ ಹಾಜರಿ ಪುಸ್ತಕದಲ್ಲಿ ಇಪ್ಪತ್ತೆಂಟು ವರ್ಷವೂ ಹೆಬ್ಬೆಟ್ಟು ಒತ್ತಿದವರು.

ಅಂಥ ಅಮ್ಮ ಸಂಜೆ ಹೊತ್ತು ಚೂಟಿಯನ್ನು ತೊಡೆಗೆ ಒರಗಿಸಿಕೊಂಡು ಅದೇ ಕರಡಿ ಪುಸ್ತಕ ತೆರೆದರೆ ಒಂದು ಹಾಳೆಗೆ ಕಾಲು ಗಂಟೆ. ಮೂರು ಪದದ ಹಾಳೆ! ಒಳಗಿನಿಂದ ಗುಸುಗುಸು, ಆಮೇಲೆ ಕಿಸಕ್ಕನೆ ನಗು, ಆಮೇಲೆ “ಅಯ್ಯೋ, ಬಿದ್ದೇ ಹೋಯ್ತಲ್ಲ” ಎಂಬ ಉದ್ಗಾರ. ನಾನು ಬಾಗಿಲಲ್ಲಿ ಇಣುಕಿದರೆ ಇಬ್ಬರೂ ಗಪ್‌ಚಿಪ್.

“ಅಮ್ಮಾ, ಹೀಗೆ ಗಂಟೆಗಟ್ಟಲೆ ಕೂತ್ರೆ ಓದು ಬರೋದು ಯಾವಾಗ?”

“ನಾವು ಓದ್ತಾನೇ ಇದೀವಲ್ಲೋ,” ಎಂದರು ಅಮ್ಮ.

ನಾನು ದೊಡ್ಡ ಮನಸ್ಸು ಮಾಡಿ ನಕ್ಕು ಸುಮ್ಮನಾದೆ. ಆ ನಗುವನ್ನು ಈಗ ನೆನೆಸಿಕೊಂಡರೆ ನನ್ನ ಕೆನ್ನೆಗೆ ನಾನೇ ಎರಡು ಕೊಡಬೇಕೆನ್ನಿಸುತ್ತದೆ.

ಇಪ್ಪತ್ತೆರಡನೆಯ ದಿನ, ಅಂದರೆ ಸೋಮವಾರ, ಶಾಲೆಯಿಂದ ಚೀಟಿ ಬಂತು. ಬರುವ ಶುಕ್ರವಾರ ಪ್ರತಿ ಮಗುವೂ ತನ್ನ ಪುಸ್ತಕವನ್ನು ಮನೆಯ ಒಬ್ಬ ಹಿರಿಯರ ಜೊತೆ ಕೂತು ತರಗತಿಯ ಮುಂದೆ ಓದಬೇಕು. ನಾನು ಶರ್ಟಿನ ಕಾಲರ್ ಸರಿಮಾಡಿಕೊಂಡೆ.

“ಯಾರನ್ನ ಕರ್ಕೊಂಡು ಹೋಗ್ತೀಯ ಚೂಟಿ?” ಎಂದು ಕೇಳಿದಳು ಹೆಂಡತಿ.

“ಅಜ್ಜಿನ.”

“ಅಪ್ಪ?”

ಚೂಟಿ ನನ್ನನ್ನು ಮೇಲಿನಿಂದ ಕೆಳಗೆ ನೋಡಿ, ಬೇಜಾರು ಮಾಡಬಾರದೆಂಬ ಕಾಳಜಿಯಿಂದ, “ಅಪ್ಪ ಬಸ್‌ಸ್ಟಾಪಿನ ತನಕ ಬರಲಿ,” ಎಂದಳು.

ಹದಿನೇಳು ವರ್ಷ ಪುಸ್ತಕದ ಜೊತೆ ಬದುಕಿದವನಿಗೆ ಬಸ್‌ಸ್ಟಾಪು. ಅಕ್ಷರ ಬಾರದ ಅಮ್ಮನಿಗೆ ತರಗತಿ. ಅಮ್ಮನ ಮೇಲೆ ಹೊಟ್ಟೆಕಿಚ್ಚು ಎಂದರೆ ನೀವು ನಗುತ್ತೀರಿ. ನಗಿ, ಹೊಟ್ಟೆಕಿಚ್ಚೇ ಅದು.

ಆದರೆ ನಾನು ಸೋಲೊಪ್ಪುವ ಜಾತಿಯಲ್ಲ. ಓದಲು ಕರೆಯದಿದ್ದರೇನಂತೆ, ಓದುವ ಪುಸ್ತಕಕ್ಕೆ ನನ್ನ ಕೈಯ ರಾಜಮರ್ಯಾದೆ ಕೊಡುತ್ತೇನೆ. ಶುಕ್ರವಾರ ಇಡೀ ತರಗತಿ ಆ ಹೊಸ ಬೈಂಡಿಂಗ್ ನೋಡಿ “ಇದನ್ನು ಯಾರು ಮಾಡಿದ್ದು?” ಎಂದು ಕೇಳಬೇಕು, ಚೂಟಿ “ನಮ್ಮಪ್ಪ” ಎನ್ನಬೇಕು. ಬುಧವಾರ ಬೆಳಿಗ್ಗೆ ಯಾರಿಗೂ ಹೇಳದೆ ಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡು ಹೊರಟೆ.

ನಮ್ಮ ಕೆಲಸದ ಜಾಗದಲ್ಲಿ ಕತ್ತರಿಸುವ ಯಂತ್ರದ ಒಡೆಯ ಬ್ಲೇಡಣ್ಣ. ಹೆತ್ತವರು ಬೇರೆ ಹೆಸರಿಟ್ಟಿದ್ದರು, ಆದರೆ ಮೂವತ್ತು ವರ್ಷದಿಂದ ಅದನ್ನು ಯಾರೂ ಬಳಸಿಲ್ಲ. ಅವನದು ಒಂದೇ ಧರ್ಮ. ಕತ್ತರಿಸುವ ಮೊದಲು ಪ್ರತಿ ಹಾಳೆಯನ್ನೂ ತಿರುಗಿಸಿ ನೋಡಬೇಕು. ಮತ್ತು ಅಂಚನ್ನು ಅಕ್ಕಿಕಾಳಿನ ಅಗಲಕ್ಕಿಂತ ಹೆಚ್ಚು ತೆಗೆಯಬಾರದು.

ಪಿನ್ನು ಕಿತ್ತೆ, ಹಾಳೆ ಬಿಡಿಸಿ ಜೋಡಿಸಿದೆ, ಬಿಳಿ ದಾರದಿಂದ ಬೆನ್ನು ಹೊಲಿದೆ. ಎಲ್ಲ ಚೆನ್ನಾಗಿಯೇ ಆಯಿತು. ಆದರೆ ಹಾಳೆಗಳ ಬಲ ಅಂಚು ನೋಡಿ ಮನಸ್ಸು ಕೆಟ್ಟಿತು. ಪ್ರತಿ ಹಾಳೆಯ ತುದಿಯಲ್ಲೂ ಬೆರಳ ಗುರುತು, ಕೊಳೆ, ಬಿಸ್ಕತ್ತಿನ ಜಿಡ್ಡು. ಪುಸ್ತಕದ ಬೇರೆಲ್ಲೂ ಇಲ್ಲದ ಕೊಳೆ ಸರಿಯಾಗಿ ಅಲ್ಲೇ, ಎರಡು ಬೆರಳಗಲ. ಇಷ್ಟು ಕೊಳೆ ಇಷ್ಟು ಕರಾರುವಾಕ್ಕಾಗಿ ಅಲ್ಲೇ ಏಕಿದೆ ಎಂದು ಬುದ್ಧಿಯಿದ್ದವನು ಕೇಳಿಕೊಳ್ಳುತ್ತಿದ್ದ. ನಾನು ಎರಡು ಬೆರಳಿಗೆ ಗೆರೆ ಹಾಕಿದೆ.

“ಎರಡು ಬೆರಳಾ?” ಬ್ಲೇಡಣ್ಣ ಕನ್ನಡಕ ಹಣೆಗೇರಿಸಿದ. “ಹಾಳೆ ತಿರುಗಿಸಿ ನೋಡಿದ್ಯಾ ತಮ್ಮಾ?”

“ಮಕ್ಕಳ ಪುಸ್ತಕ ಅಣ್ಣ. ಅಕ್ಷರ ಎಲ್ಲ ಕೆಳಗೆ ನಡುವಿಗಿದೆ. ಅಂಚಲ್ಲಿ ಬರೀ ಹುಲ್ಲು.”

“ಹುಲ್ಲಲ್ಲಿ ಏನಿದೆ?”

“ಹುಲ್ಲಲ್ಲಿ ಹುಲ್ಲಿರುತ್ತೆ.”

“ನಿನ್ನ ಪುಸ್ತಕ, ನಿನ್ನ ಕೈ. ನಾನಂತೂ ಒತ್ತಲ್ಲ,” ಎಂದು ಚಹಾ ಕುಡಿಯಲು ಹೋದ. ನಾನೇ ಒತ್ತಿದೆ. ಕರಕ್ ಎಂದು ಒಂದೇ ಏಟು. ಹನ್ನೆರಡು ಪಟ್ಟಿಗಳು ಯಂತ್ರದ ಆಚೆ ಬದಿಯ ಚೀಲಕ್ಕೆ ಬಿದ್ದವು. ಅಂಚು ಬೆಣ್ಣೆ ಕತ್ತರಿಸಿದಂತೆ ಬಂತು. ನೀಲಿ ಬಟ್ಟೆಯ ರಟ್ಟು ಹಾಕಿ, ಮೂಲೆಗೆ ಚರ್ಮದ ತುಂಡು ಕೂರಿಸಿದೆ. ಮಂತ್ರಿಗಳ ಪುಸ್ತಕಕ್ಕೂ ಅಂಥ ಬೈಂಡಿಂಗ್ ಮಾಡಿರಲಿಲ್ಲ.

ಸಂಜೆ ಮನೆಗೆ ಬಂದು, ಪುಸ್ತಕವನ್ನು ಎರಡೂ ಕೈಯಲ್ಲಿ ಹಿಡಿದು ಚೂಟಿಯ ಮುಂದೆ ಮಂಡಿಯೂರಿದೆ. ಅವಳ ಕಣ್ಣರಳಿತು. ರಟ್ಟು ಸವರಿದಳು. ಮೂಸಿದಳು. ಅಜ್ಜಿಯ ಪಕ್ಕ ಕೂತು ಹಾಳೆ ತೆರೆದಳು. ಬಲತುದಿ ನೋಡಿದಳು. ಎರಡನೆಯ ಹಾಳೆ. ಬಲತುದಿ. ಮೂರನೆಯದು. ಆಮೇಲೆ ಒಂದೊಂದನ್ನೂ ಬೇಗಬೇಗ ತಿರುಗಿಸಿ ಕೊನೆಯ ಹಾಳೆಗೆ ಬಂದು ನಿಂತಳು.

“ಬಾಲ ಇದೆ. ಇಲಿ ಇಲ್ಲ.”

“ಯಾವ ಇಲಿ?” ಎಂದೆ ನಾನು.

ಮೂವರೂ ನನ್ನನ್ನು ನೋಡಿದ ಅಂಥ ನೋಟವನ್ನು ನಾನು ಹಿಂದೆ ಒಂದೇ ಸಲ ಕಂಡಿದ್ದೆ, ಹೆಂಡತಿಯ ಹುಟ್ಟಿದ ದಿನ ಮರೆತಾಗ.

“ನೀನು ಆ ಇಲೀನ ನೋಡೇ ಇಲ್ವೇನೋ?” ಎಂದರು ಅಮ್ಮ. ಕೋಪವಿರಲಿಲ್ಲ. ಅದೇ ಕಷ್ಟವಾದದ್ದು.

ಆಗ ವಿಷಯ ಹೊರಬಂತು. ಕರಡಿ ಬಂಡಿ ಎಳೆಯುವಾಗ ಒಂದೊಂದು ಹಾಳೆಯಲ್ಲೂ ಒಂದೊಂದು ಸಾಮಾನು ಕೆಳಗೆ ಬೀಳುತ್ತದೆ. ಚಮಚ, ಚಪ್ಪಲಿ, ಗಡಿಯಾರ, ದಿಂಬು. ಕರಡಿಗೆ ಗೊತ್ತಾಗುವುದಿಲ್ಲ. ಆದರೆ ಹಾಳೆಯ ಅಂಚಿನ ಹುಲ್ಲಿನೊಳಗಿಂದ ಬೆರಳುಗುರಿನಷ್ಟು ಚಿಕ್ಕ ಇಲಿಯೊಂದು ಬಂದು ಅದನ್ನೆಲ್ಲ ಎತ್ತಿಕೊಂಡು ಹಿಂದೆ ಹಿಂದೆ ಬರುತ್ತದೆ. ಕೊನೆಗೆ ಕರಡಿ ಬಾಗಿಲು ತೆರೆದರೆ ಸಾಮಾನೆಲ್ಲ ಹೊಸ್ತಿಲಲ್ಲಿ. ಪಕ್ಕದಲ್ಲಿ ಇಲಿ. ಆ ಇಲಿಯ ಬಗ್ಗೆ ಪುಸ್ತಕದಲ್ಲಿ ಒಂದಕ್ಷರವೂ ಇಲ್ಲ. ಅದಕ್ಕೇ ನನಗೆ ಕಂಡಿರಲಿಲ್ಲ. ಅಜ್ಜಿ ಮೊಮ್ಮಗಳು ದಿನವೂ ಬೆರಳಿಟ್ಟು ಮಾತಾಡಿಸಿದ್ದು ಆ ಇಲಿಯನ್ನು. ನಾನು ಕೊಳೆ ಎಂದು ಕತ್ತರಿಸಿದ್ದು ಆ ಬೆರಳುಗಳ ಗುರುತನ್ನು.

ಬರೆದವನಿಗೆ ನೆನಪಿಲ್ಲ ಎಂದಿದ್ದೆನಲ್ಲ. ಪಾಪ, ಬರೆದವನಿಗೆ ಎಲ್ಲ ನೆನಪಿತ್ತು.

ಚೂಟಿ ಅಳಲಿಲ್ಲ. ಪುಸ್ತಕವನ್ನು ಮುಚ್ಚಿ ಬೋರಲು ಹಾಕಿದಳು. “ಕರಡಿ ಈಗ ಬರೀ ಮನೆಗೆ ಹೋಗುತ್ತೆ. ಅದರ ಜೊತೆ ಯಾರೂ ಇಲ್ಲ,” ಎಂದಳು. ಆಮೇಲೆ, “ನಾನು ಶುಕ್ರವಾರ ಶಾಲೆಗೆ ಹೋಗಲ್ಲ.”

ಹೆಂಡತಿ ಆಗಲೇ ಎರಡು ಪುಸ್ತಕದಂಗಡಿಗೆ ಫೋನು ಮಾಡಿದಳು. ಆ ಪುಸ್ತಕ ಅಚ್ಚಾಗುವುದು ನಿಂತು ಎಷ್ಟೋ ವರ್ಷವಾಗಿತ್ತು. ಫೋನು ಕೆಳಗಿಟ್ಟು ನನ್ನ ಹತ್ತಿರ ಬಂದಳು. ಬೈಯುತ್ತಾಳೆ ಎಂದುಕೊಂಡೆ. ಬೈಗುಳ ಎಷ್ಟೋ ವಾಸಿ.

“ನಮ್ಮ ಅಂಗಡೀಲಿ ದೂರದ್ದು ಕಾಣದವರಿಗೆ ಗಾಜಿದೆ, ಹತ್ತಿರದ್ದು ಕಾಣದವರಿಗೆ ಗಾಜಿದೆ,” ಎಂದಳು. “ನಿಮ್ಮ ಕೇಸಿಗೆ ಇಲ್ಲ.”

ನಾನು ಬಾಲ್ಕನಿಗೆ ಹೋಗಿ ಒಗೆದ ಬಟ್ಟೆಗಳ ನಡುವೆ ಕೂತೆ. ಸ್ವಲ್ಪ ಹೊತ್ತಿಗೆ ಅಮ್ಮ ಬಂದು ಪಕ್ಕದಲ್ಲಿ ಕೂತರು. ಒಣಗಿದ ಟವೆಲ್ ತೆಗೆದು ಮಡಚುತ್ತ, ನನ್ನ ಮುಖ ನೋಡದೆ ಮಾತಾಡಿದರು.

“ನನಗೆ ಅಕ್ಷರ ಬರಲ್ಲ ಅಂತ ಅವಳಿಗೆ ಗೊತ್ತಿಲ್ಲ ಕಣೋ.”

ನಾನು ತಲೆಯೆತ್ತಿದೆ.

“ಅಜ್ಜಿ ಓದ್ತಾಳೆ ಅಂತಾನೇ ಅಂದ್ಕೊಂಡಿದೆ ಮಗು. ನಾನೂ ಸುಮ್ಮನಿದ್ದೆ. ಇಷ್ಟು ವರ್ಷದಲ್ಲಿ ಯಾರೂ ನನ್ನ ಹತ್ತಿರ ‘ಓದು’ ಅಂದಿರ್ಲಿಲ್ಲ. ಅವಳು ಅಂದ್ಲು. ಆ ಇಲಿ ಹಿಡ್ಕೊಂಡು ಪೂರಾ ಕಥೆ ಓದ್ಬಿಡ್ತೀನಿ ಅನ್ನೋ ಧೈರ್ಯ ಇತ್ತು. ಶಾಲೆ ಒಳಗೆ ಒಂದು ಸಲಾನೂ ಕೂತವಳಲ್ಲ ನಾನು. ನಿನ್ನ ಹೆಂಡ್ತಿ ಅದಕ್ಕೆ ಅಂತ ಹೊಸ ಕನ್ನಡಕಾನೂ ತಂದುಕೊಟ್ಟಳು.” ಟವೆಲನ್ನು ಎರಡನೆಯ ಸಲ ಬಿಚ್ಚಿ ಮಡಚಿದರು. “ಈಗ ಅಲ್ಲಿ ಅಕ್ಷರ ಮಾತ್ರ ಉಳಿದಿದೆ. ಏನು ಓದ್ಲಿ?”

ನನ್ನ ಪ್ರತಿಜ್ಞೆ, ಬಾಣಲೆ, ಚರ್ಮದ ಮೂಲೆ ಎಲ್ಲ ಒಟ್ಟಿಗೆ ನನ್ನ ತಲೆಯ ಮೇಲೆ ಬಿದ್ದವು.

ಗುರುವಾರ ಬೆಳಿಗ್ಗೆ ಒಂಬತ್ತಕ್ಕೆ ರದ್ದಿಯವನ ಗಾಡಿ ಬಂದು ಕತ್ತರಿಸಿದ ಚೂರುಗಳನ್ನೆಲ್ಲ ಒಯ್ಯುತ್ತದೆ. ನಾನು ಏಳೂವರೆಗೇ ಕೆಲಸದ ಜಾಗದ ಬಾಗಿಲಲ್ಲಿದ್ದೆ. ಬಣ್ಣದ ಪಟ್ಟಿಗಳಲ್ಲವೇ, ಬಿಳಿ ಚೂರುಗಳ ನಡುವೆ ಹೊಳೆದು ಕಾಣುತ್ತವೆ ಎಂಬ ಧೈರ್ಯ. ಚೀಲ ಬಿಚ್ಚಿದರೆ ಬಿಳಿಯೇ ಇರಲಿಲ್ಲ. ಹಿಂದಿನ ಮಧ್ಯಾಹ್ನ ಬ್ಲೇಡಣ್ಣ ಗೋಡೆಬಣ್ಣದ ಕಂಪನಿಯೊಂದರ ಮಾದರಿ ಪುಸ್ತಕ ಕತ್ತರಿಸಿದ್ದ. ಎರಡು ಸಾವಿರ ಪ್ರತಿ. ಜಗತ್ತಿನಲ್ಲಿ ಎಷ್ಟು ಬಗೆಯ ಹಸಿರು ಇದೆಯೋ ಅಷ್ಟೂ ಪಟ್ಟಿಗಳಾಗಿ ಆರು ಚೀಲದಲ್ಲಿ ತುಂಬಿ ಕೂತಿದ್ದವು.

ಬ್ಲೇಡಣ್ಣ ಬಂದಾಗ ನಾನು ಸೊಂಟದವರೆಗೆ ಕಾಗದದಲ್ಲಿ ಮುಳುಗಿದ್ದೆ.

“ಏನು ಹುಡುಕ್ತಿದೀಯ ಮಾರಾಯ?”

“ಇಲಿ.”

“ಬೋನು ಬೇಕಾ?”

ಕಥೆಯೆಲ್ಲ ಹೇಳಿದೆ. ‘ನಾನು ಹೇಳಿರಲಿಲ್ವಾ’ ಎಂದು ಹೇಳಲು ಅವನಿಗೆ ಪೂರ್ಣ ಅಧಿಕಾರವಿತ್ತು. ಹೇಳಲಿಲ್ಲ. ಶರ್ಟಿನ ತೋಳು ಮಡಚಿ, ಒಂದು ಚೀಲವನ್ನು ನೆಲಕ್ಕೆ ಸುರಿದು, ಅದರ ಮುಂದೆ ಚಕ್ಕಳಮಕ್ಕಳ ಹಾಕಿ ಕೂತ. ಬಂದ ಬಂದ ಕೆಲಸಗಾರರೆಲ್ಲ ಒಂದೊಂದು ಚೀಲದ ಮುಂದೆ ಕೂತರು. ಹೊಲಿಗೆಯ ಅಕ್ಕ, ಅಂಟಿನ ಮಾಮ, ಲೆಕ್ಕ ಬರೆಯುವವರು. ಒಬ್ಬೊಬ್ಬರೂ ಪಟ್ಟಿಯನ್ನು ಕಣ್ಣಿನ ಹತ್ತಿರ ಹಿಡಿದು, “ಇದು ಇಲಿಯಾ?” ಎಂದು ಕೇಳುವವರೇ. ಮಾಲೀಕರು ಒಳಗೆ ಬಂದು, ಎಂಟು ಜನ ದೊಡ್ಡವರು ನೆಲದ ಮೇಲೆ ಕೂತು ಇಲಿ ಹುಡುಕುತ್ತಿರುವುದನ್ನು ನೋಡಿ, ಬಂದ ದಾರಿಯಲ್ಲೇ ವಾಪಸು ಹೋದರು. ಸ್ವಲ್ಪ ಹೊತ್ತಿಗೆ ಚಹಾ ಕಳಿಸಿದರು.

“ಸಿಕ್ತು,” ಎಂದ ಬ್ಲೇಡಣ್ಣ. “ಚಮಚ ಎತ್ತಿದೆ ನೋಡು ಕಳ್ಳ.” ಅವನ ಮುಖ ಏಳು ವರ್ಷದವನ ಮುಖವಾಗಿತ್ತು.

ರದ್ದಿ ಗಾಡಿ ಬಾಗಿಲಲ್ಲಿ ಹಾರ್ನ್ ಹೊಡೆಯುವ ಹೊತ್ತಿಗೆ ಹನ್ನೊಂದು ಪಟ್ಟಿ ಸಿಕ್ಕಿದ್ದವು. ಹನ್ನೆರಡನೆಯದು, ಕೊನೆಯ ಹಾಳೆಯದು, ಇಂದಿಗೂ ಸಿಕ್ಕಿಲ್ಲ.

ಸಂಜೆ ಊಟದ ಮೇಜಿನ ಮೇಲೆ ಆಪರೇಷನ್ ಶುರುವಾಯಿತು. ಹರಿದ ದಾಖಲೆಗಳಿಗೆ ತೇಪೆ ಹಾಕುವ ತೆಳು ಕಾಗದ ತಂದಿದ್ದೆ, ಕುಂಚ ತಂದಿದ್ದೆ, ಅಂಟು ಕಲಸಿದ್ದೆ. ಚೂಟಿ ದೂರದ ಕುರ್ಚಿಯಲ್ಲಿ ಬೆನ್ನು ತಿರುಗಿಸಿ ಕೂತಿದ್ದಳು. ಯಾವ ಪಟ್ಟಿ ಯಾವ ಹಾಳೆಯದು? ಎಲ್ಲದರಲ್ಲೂ ಒಂದೇ ಹುಲ್ಲು, ಒಂದೇ ಹಸಿರು. ನಾನು ಅನುಭವಿ ಬೈಂಡರನ ಗತ್ತಿನಿಂದ ಒಂದನ್ನು ಎತ್ತಿ ಎರಡನೆಯ ಹಾಳೆಗೆ ಹಿಡಿದೆ.

“ಅದಲ್ಲ,” ಎಂದಿತು ಬೆನ್ನು ತಿರುಗಿಸಿದ ಕುರ್ಚಿ. ಯಾವಾಗ ತಿರುಗಿ ನೋಡಿದ್ದಳೋ. “ಅಲ್ಲಿ ಇಲಿ ಇನ್ನೂ ಚಪ್ಪಲಿ ಎತ್ತಿಲ್ಲ. ಚಮಚ ಮಾತ್ರ ಎತ್ತಿದೆ.”

“ಹಾಗಾದ್ರೆ ಇದು?”

“ಅಯ್ಯೋ ಅಪ್ಪಾ, ಅಲ್ಲಿ ಅದಕ್ಕೆ ಸುಸ್ತಾಗಿದೆ. ಹಳ್ಳ ದಾಟಿದ ಮೇಲೆ ತಾನೆ ಸುಸ್ತಾಗೋದು? ಅಲ್ವಾ ಅಜ್ಜಿ?”

“ಮತ್ತೆ. ಹಳ್ಳದ ಹತ್ತಿರ ಗಡಿಯಾರ ತಲೆ ಮೇಲಿಟ್ಕೊಂಡು ಈಜಿತಲ್ಲ,” ಎಂದರು ಅಮ್ಮ ಕುರ್ಚಿ ಎಳೆದುಕೊಳ್ಳುತ್ತ. “ನೆನೆಯಬಾರ್ದು ಅಂತ.”

ಚೂಟಿ ನನ್ನ ತೊಡೆಯ ಮೇಲೆ ಬಂದು ಕೂತಿದ್ದು ಯಾವಾಗ ಎಂದು ನನಗೆ ಗೊತ್ತಾಗಲಿಲ್ಲ. ಅವರಿಬ್ಬರೂ ಓದುತ್ತ ಹೋದರು, ನಾನು ಅಂಟಿಸುತ್ತ ಹೋದೆ. ದಿಂಬಿನ ಮೇಲೆ ಒಂದು ಗಳಿಗೆ ನಿದ್ದೆ ಮಾಡಿಬಿಡುವ ಇಲಿ. ಕನ್ನಡಿ ಸಿಕ್ಕಾಗ ಮೀಸೆ ತೀಡಿಕೊಳ್ಳುವ ಇಲಿ. ಕರಡಿ ತಿರುಗಿ ನೋಡಿದಾಗ ಮುಚ್ಚಳದ ಹಿಂದೆ ಅಡಗುವ ಇಲಿ. ಇಪ್ಪತ್ತು ಸಲ ಆ ಪುಸ್ತಕವನ್ನು ನಾಲ್ಕು ನಿಮಿಷದಲ್ಲಿ ಮುಗಿಸಿದವನು ನಾನು. ಆ ಸಂಜೆ ಹನ್ನೊಂದು ಹಾಳೆಗೆ ಎರಡು ಗಂಟೆ ಹಿಡಿಯಿತು, ಮತ್ತು ಮುಗಿಯದಿದ್ದರೆ ಚೆನ್ನಾಗಿತ್ತು ಎನ್ನಿಸಿತು.

ಹಿಂದಿನಿಂದ ಹೆಂಡತಿ ನನ್ನ ಭುಜದ ಮೇಲೆ ಗಲ್ಲ ಊರಿ, ಮೆಲ್ಲಗೆ, “ಈಗ ಕಾಣುತ್ತಾ?” ಎಂದಳು.

“ಕಾಣುತ್ತೆ,” ಎಂದೆ.

ಕೊನೆಯ ಹಾಳೆ ಬಂತು. ಹೊಸ್ತಿಲ ಮೇಲೆ ಸಾಮಾನಿನ ರಾಶಿ, ಕತ್ತರಿಸಿದ ಅಂಚಿನಲ್ಲಿ ಒಂದೆಳೆ ಬಾಲ. ಆಚೆ ಏನೂ ಇಲ್ಲ. ಅಲ್ಲಿಗೆ ನಾನು ಬಿಳಿ ಪಟ್ಟಿಯೊಂದನ್ನು ಅಂಟಿಸಿದೆ. ನಾಲ್ವರೂ ಆ ಖಾಲಿ ಬಿಳುಪಿನ ಮೇಲೆ ಬಾಗಿದೆವು.

“ನೀನು ಬರಿ ಅಜ್ಜಿ,” ಎಂದಳು ಚೂಟಿ.

ಅಮ್ಮ ಕೈ ಹಿಂದಕ್ಕೆ ಎಳೆದುಕೊಂಡರು. “ನನಗೆ ಪೆನ್ನು ಹಿಡಿಯೋಕೆ ಬರಲ್ಲ ಪುಟ್ಟಾ,” ಎಂದು ತೀರ ಸಣ್ಣ ಧ್ವನಿಯಲ್ಲಿ ಹೇಳಿದರು. ಅವರು ಮೊಮ್ಮಗಳಿಗೆ ಈ ಮಾತು ಹೇಳಿದ್ದು ಅದೇ ಮೊದಲು. “ನನಗೆ ಬರೋದು ಒಂದೇ.”

ಅದೇನೆಂದು ನನಗೆ ಗೊತ್ತಿತ್ತು. ರಿಜಿಸ್ಟರಿಗೆ ಸಂಖ್ಯೆ ಒತ್ತಲು ಬಳಸುವ ಶಾಯಿಪ್ಯಾಡು ನನ್ನ ಚೀಲದಲ್ಲೇ ಇತ್ತು. ತೆಗೆದು ಮುಂದಿಟ್ಟೆ. ಅಮ್ಮ ನನ್ನನ್ನು ನೋಡಿದರು. ಆಮೇಲೆ ಹೆಬ್ಬೆರಳನ್ನು ಪ್ಯಾಡಿಗೆ ಒತ್ತಿ, ಆ ಬಾಲ ಮುಗಿಯುವ ಜಾಗದಲ್ಲೇ, ಎಳೆಗೆ ಎಳೆ ಸೇರಿಸುವಂತೆ, ಮೆಲ್ಲಗೆ ಇಳಿಸಿದರು.

ಬೆರಳೆತ್ತಿದಾಗ ಅಲ್ಲೊಂದು ದುಂಡನೆಯ, ಬೂದುನೀಲಿ ಮೈ ಕೂತಿತ್ತು. ಮೈಮೇಲೆ ಗೆರೆ ಗೆರೆ ಕೂದಲು ಕೂಡ.

“ಇಲಿ,” ಎಂದು ಚೂಟಿ ಉಸಿರುಬಿಟ್ಟಳು. ಪೆನ್ಸಿಲ್ ತಂದು ಎರಡು ಕಿವಿ, ಒಂದು ಕಣ್ಣು, ಮೂರು ಮೀಸೆ ಇಟ್ಟಳು. “ಇಲ್ಲಿ ನೋಡಮ್ಮಾ. ಅಜ್ಜಿಗೆ ಬೆರಳಲ್ಲೇ ಇಲಿ ಬರುತ್ತೆ.”

ಅಮ್ಮ ಹೊಸ ಕನ್ನಡಕ ತೆಗೆದು ಒರೆಸಿದರು. ಒರೆಸಬೇಕಾದದ್ದು ಕನ್ನಡಕವಾಗಿರಲಿಲ್ಲ.

ಪುಸ್ತಕದ ರೂಪ ಮಾತ್ರ ಕೇಳಬೇಡಿ. ರಟ್ಟನ್ನು ಕತ್ತರಿಸಿದ ಅಳತೆಗೆ ಮಾಡಿದ್ದೆ, ಹಾಳೆಗಳು ಈಗ ಮತ್ತೆ ಹಳೆಯ ಅಳತೆಗೆ ಬಂದಿದ್ದವು. ನೀಲಿ ಬಟ್ಟೆ, ಚರ್ಮದ ಮೂಲೆ, ಅದರೊಳಗಿಂದ ಎರಡು ಬೆರಳು ಹೊರಗೆ ಚಾಚಿದ ಹಾಳೆ. ಯಾವ ದಿಕ್ಕಿಗೆ ಇಟ್ಟರೂ ಪುಸ್ತಕ ನನ್ನನ್ನು ನೋಡಿ ನಾಲಿಗೆ ಚಾಚಿ ಅಣಕಿಸುತ್ತಿತ್ತು.

ಶುಕ್ರವಾರ ನನಗೆ ಬಡ್ತಿ ಸಿಕ್ಕಿತು. ಬಸ್‌ಸ್ಟಾಪಿನಿಂದ ತರಗತಿಯವರೆಗೆ ಬರಲು ಅಪ್ಪಣೆಯಾಯಿತು. ಹಿಂದಿನ ಸಾಲಿನ ಪುಟ್ಟ ಕುರ್ಚಿಯಲ್ಲಿ ಮಂಡಿಯನ್ನು ಗಲ್ಲಕ್ಕೆ ತಾಗಿಸಿಕೊಂಡು ಕೂತೆ. ಮುಂದೆ ಅಮ್ಮ, ಪಕ್ಕದಲ್ಲಿ ಚೂಟಿ. ಅಮ್ಮ ಬೆರಳನ್ನು ಸೆರಗಿಗೆ ಒರೆಸಿಕೊಂಡು ಮೊದಲ ಹಾಳೆ ತೆರೆದರು. “ಕರಡಿ ಇಲ್ಲಿದೆ,” ಎಂದರು. ಆಮೇಲೆ ಬೆರಳು ತಾನಾಗಿಯೇ ಅಂಚಿಗೆ ಹೋಯಿತು. “ಆದ್ರೆ ಇಲ್ಲಿಂದ ಯಾರು ಬರ್ತಾರೆ, ಹೇಳಿ ನೋಡೋಣ?”

ಮೂವತ್ತು ಮಕ್ಕಳು ಒಟ್ಟಿಗೆ ಮುಂದಕ್ಕೆ ಬಾಗಿದರು. ಅಲ್ಲಿಂದ ಮುಂದೆ ಅಮ್ಮ ಹಿಂದೆ ನೋಡಲಿಲ್ಲ. ಹಳ್ಳದ ಹತ್ತಿರ ಇಡೀ ತರಗತಿ ಉಸಿರು ಹಿಡಿದಿತ್ತು. ಕೊನೆಯ ಹಾಳೆಯ ಇಲಿಯನ್ನು ನೋಡಿ ಒಬ್ಬಳು, “ಇದು ಎಲ್ಲಕ್ಕಿಂತ ಚೆನ್ನಾಗಿದೆ,” ಎಂದಳು. “ಅದು ನಮ್ಮಜ್ಜಿದು,” ಎಂದಳು ಚೂಟಿ. ಬೈಂಡಿಂಗ್ ಯಾರದೆಂದು ಒಬ್ಬರೂ ಕೇಳಲಿಲ್ಲ.

ಟೀಚರ್ ಒಂದು ದೊಡ್ಡ ಪುಸ್ತಕ ತಂದು ಅಮ್ಮನ ಮುಂದಿಟ್ಟರು. ಎರಡು ಕಾಲಂ. ‘ಓದಿಸಿದವರು’, ‘ಓದಲು ಕಲಿಯುತ್ತಿರುವವರು’. “ಇಲ್ಲೊಂದು ಸಹಿ ಹಾಕಿ ಅಜ್ಜಿ.”

ಅಮ್ಮ ಪೆನ್ನು ನೋಡಿ ಕಲ್ಲಾದರು. ನಾನು ಆ ಪುಟ್ಟ ಕುರ್ಚಿಯಿಂದ ಏಳಲು ಹೋದೆ. ಕುರ್ಚಿಯೂ ನನ್ನ ಜೊತೆಗೇ ಎದ್ದಿತು. ಅಷ್ಟರಲ್ಲಿ ಚೂಟಿ ಬ್ಯಾಗಿನಿಂದ ನನ್ನ ಶಾಯಿಪ್ಯಾಡು ತೆಗೆದಳು. ಅದು ಅಲ್ಲಿಗೆ ಹೇಗೆ ಹೋಯಿತೋ ನನಗೆ ತಿಳಿಯದು.

“ನಮ್ಮಜ್ಜಿ ಪೆನ್ನಲ್ಲಿ ಹಾಕಲ್ಲ ಮಿಸ್. ಅಜ್ಜಿ, ಇಲಿ ಹಾಕು.”

ಅಮ್ಮ ಹೆಬ್ಬೆಟ್ಟು ಒತ್ತಿದರು. ಚೂಟಿ ಕಿವಿ ಬರೆದಳು. “ನನಗೂ ಒಂದು ಇಲಿ ಅಜ್ಜಿ, ನನಗೂ,” ಎಂದು ಮೂವತ್ತು ಮಕ್ಕಳು ಅಂಗೈ ಚಾಚಿ ಸಾಲು ನಿಂತರು. ನನ್ನ ಅಮ್ಮ, ಜೀವನದಲ್ಲಿ ಮೊದಲ ಸಲ ಶಾಲೆಯೊಳಗೆ ಕೂತವರು, ಒಬ್ಬೊಬ್ಬರ ಅಂಗೈಗೂ ಸಹಿ ಹಾಕುತ್ತಿದ್ದರು.

“ಇನ್ನೊಂದು ಕಾಲಂ ಉಳಿದಿದೆ. ಅದರಲ್ಲಿ ನಿನ್ನ ಹೆಸರು ಬರೀಲಾ?” ಎಂದು ಟೀಚರ್ ಚೂಟಿಯನ್ನು ಕೇಳಿದರು.

“ನನಗೆ ಓದೋಕೆ ಬರುತ್ತಲ್ಲ ಮಿಸ್,” ಎಂದಳು ಚೂಟಿ. “ಅಲ್ಲಿ ಅಪ್ಪನ ಹೆಸರು ಬರೀರಿ. ನಿನ್ನೆಯಿಂದ ಕಲೀತಾ ಇದಾನೆ.”

ನಾನು ಕುರ್ಚಿಯನ್ನು ಬಿಡಿಸಿಕೊಂಡು ಮುಂದೆ ಹೋದೆ. ಜೇಬಿನಲ್ಲಿ ಪೆನ್ನಿತ್ತು. ತೆಗೆಯಲಿಲ್ಲ. ಅಮ್ಮನ ಪಕ್ಕದಲ್ಲಿ ನಿಂತು, ಅದೇ ಪ್ಯಾಡಿಗೆ ಹೆಬ್ಬೆರಳು ಒತ್ತಿ, ನನ್ನ ಕಾಲಂನಲ್ಲಿ ಇಟ್ಟೆ. ಚೂಟಿ ನಾಲಿಗೆ ಕಚ್ಚಿಕೊಂಡು, ತುಂಬಾ ಶ್ರದ್ಧೆಯಿಂದ ಅದಕ್ಕೂ ಕಿವಿ ಬರೆದಳು. ಬರೆದಳು, ಬರೆದಳು, ಬರೆಯುತ್ತಲೇ ಹೋದಳು.

“ಇಲಿಗೆ ಇಷ್ಟುದ್ದ ಕಿವಿ ಇರುತ್ತಾ ಮರಿ?” ಎಂದೆ.

“ಇದು ಇಲಿ ಅಲ್ಲ ಅಪ್ಪಾ. ನೀನು.”

ನಾನು ಅಮ್ಮನ ಕಡೆ ನೋಡಿದೆ. ಹೆತ್ತ ತಾಯಿ, ಸಹಾಯಕ್ಕೆ ಬರಬಹುದು. ಅಮ್ಮ ಕನ್ನಡಕ ಸರಿಮಾಡಿಕೊಂಡು, ಪುಸ್ತಕವನ್ನು ಕಿಟಕಿಯ ಬೆಳಕಿಗೆ ತಿರುಗಿಸಿ, ಆ ಕಿವಿಗಳನ್ನು ಬುಡದಿಂದ ತುದಿಯವರೆಗೆ ಎಳೆ ಎಳೆಯಾಗಿ ಪರೀಕ್ಷೆ ಮಾಡಿದರು.

“ತಪ್ಪಿಲ್ಲ,” ಎಂದರು. “ಮುಂದಕ್ಕೆ.”